ಪರೋಟ ಮಾಸ್ಟರರ ಕೈ ಸೋತ ಮೇಲೆ

ಕಳೆದ ತಿಂಗಳ ಒಂದು ಶುಕ್ರವಾರ. ಜುಮಾ ಮುಗಿಸಿ ಬಂದು ಊಟಕ್ಕೆ ಕೂತಿದ್ದೆವು, ದುಬೈಯಿಂದ ಫೋನ್ ಬಂತು. ಬೋಟಿಮ್‌ನಲ್ಲಿ ಮುಖ ಒಮ್ಮೆ ಕಂಡರೆ ಇನ್ನೊಮ್ಮೆ ಕಾಣುವುದಿಲ್ಲ, ಅರ್ಧ ಮಾತು ಗಾಳಿಯಲ್ಲೇ ಹೋಗುತ್ತದೆ. ಆದರೂ ಆ ಕಡೆಯ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. “ಉಸ್ತಾದೇ, ವೃತ್ತದ ಸ್ಪರ್ಶಕ ಅಂದರೆ ಎಂತದು? ಮಗಳು ಹೇಳಿದ್ದು ತಲೆಗೆ ಹೋಗ್ಲಿಲ್ಲ.”

ನಾವು ಕಲಿಸುವುದು ತಜ್‌ವೀದ್, ಫಿಕ್‌ಹ್, ಸಣ್ಣ ಮಕ್ಕಳಿಗೆ ಅಲಿಫ್ ಬಾ. ಪಿಯುಸಿ ಮುಗಿಸಿ ಇಪ್ಪತ್ತೈದು ವರ್ಷದ ಮೇಲಾಯಿತು. ಸ್ಪರ್ಶಕ ಎಂಬ ಶಬ್ದವೇ ಮರೆತು ಹೋಗಿತ್ತು. ಸ್ವಲ್ಪ ಯೋಚಿಸಿ, ಊಟದ ಬಟ್ಟಲಿನ ಅಂಚಿಗೆ ಚಮಚ ತಾಗಿಸಿಟ್ಟು, ಫೋನನ್ನು ಅದರ ಕಡೆ ತಿರುಗಿಸಿ, “ನೋಡು, ಹೀಗೆ ಒಂದೇ ಕಡೆ ಮುಟ್ಟಿ ಹೋಗುವ ಗೆರೆ” ಎಂದೆವು. “ಓ, ಅಷ್ಟೆಯಾ” ಎಂದರು. ಹಾಗೆ ಹೇಳಿದವರ ವಯಸ್ಸು 46. ಬರುವ ವರ್ಷ ಅವರು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಾರೆ.

ಹೆಸರು ಹಾಕಬೇಡ ಎಂದಿದ್ದಾರೆ. ಊರಿನ ಹೆಸರೂ ಬೇಡ, ಮಗಳಿಗೆ ಮದುವೆ ಪ್ರಾಯ ಎಂದರು. ದೇರಾದ ಆ ರಸ್ತೆಯಲ್ಲಿ ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ಶಾಲೆಯ ಮಾಸ್ಟರ್ ಅಲ್ಲ, ಪರೋಟ ಮಾಸ್ಟರ್. ನಾವೂ ಹಾಗೆಯೇ ಕರೆಯೋಣ.

ಮಾಸ್ಟರ್ ಮತ್ತು ನಾವು ಮದ್ರಸದಲ್ಲಿ ಒಂದೇ ಬೆಂಚಿನವರು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಅವರಿಗೆ ನಮಗಿಂತ ಹೆಚ್ಚು ಅಂಕ ಬಂದಿತ್ತು, ಇದನ್ನು ಒಪ್ಪಿಕೊಳ್ಳಬೇಕು. ಶಾಲೆಯಲ್ಲೂ ಹಿಂದೆ ಇದ್ದವರಲ್ಲ. ಎಂಟನೇ ತರಗತಿಯಲ್ಲಿದ್ದಾಗ ತಂದೆ ತೀರಿಕೊಂಡರು. ಕೆಳಗೆ ಮೂವರು ತಂಗಿಯರು. ಉಮ್ಮ ಬೀಡಿ ಕಟ್ಟಿ ಎಷ್ಟು ಸಾಕಿಯಾರು? ಮಾಸ್ಟರ್ ಮಂಗಳೂರಿನ ಬಂದರಿನ ಹತ್ತಿರದ ಒಂದು ಹೋಟೆಲಿಗೆ ಸೇರಿದರು. ಪಾತ್ರೆ ತೊಳೆಯುವುದರಿಂದ ಶುರು, ಬಳಿಕ ಹಿಟ್ಟು ನಾದುವುದು, ಬಳಿಕ ಕಾವಲಿಯ ಮುಂದೆ. 2003ರಲ್ಲಿ ದುಬೈಗೆ ಹೋದರು. ನಾವು ದರ್ಸ್ ಮುಗಿಸಿ ಮುಅಲ್ಲಿಮ್ ಆಗಿ ಆಗಷ್ಟೇ ಕೆಲಸಕ್ಕೆ ಸೇರಿದ ವರ್ಷ ಅದು. ಬಜ್ಪೆ ವಿಮಾನ ನಿಲ್ದಾಣಕ್ಕೆ ಜೀಪಿನಲ್ಲಿ ಹೋಗಿ ಕಳಿಸಿ ಬಂದವರಲ್ಲಿ ನಾವೂ ಒಬ್ಬರು.

ಹದಿನಾರು ವರ್ಷ ಅವರು ಒಂದೇ ಕೆಫೆಟೀರಿಯಾದಲ್ಲಿ ನಿಂತರು. ಬೆಳಿಗ್ಗೆ ಸುಬ್‌ಹಿಗೆ ಮುಂಚೆ ಹಿಟ್ಟು ಕಲಸಬೇಕು. ಮೈದಾ ಹಿಟ್ಟು ನಾದಿ, ಉಂಡೆ ಮಾಡಿ, ಎಣ್ಣೆ ಸವರಿ, ಬೀಸಿ, ಸುತ್ತಿ, ತಟ್ಟಿ, ಬೇಯಿಸಿ, ಕೊನೆಗೆ ಬಿಸಿಬಿಸಿ ಇರುವಾಗಲೇ ಎರಡೂ ಕೈಯಿಂದ ಚಪ್ಪಾಳೆ ಹೊಡೆದಂತೆ ಬಡಿದು ಪದರ ಬಿಡಿಸಬೇಕು. ಪರೋಟ ತಿನ್ನುವ ನಮಗೆ ಅದು ಹತ್ತು ನಿಮಿಷದ ನಾಷ್ಟ. ಮಾಡುವವನಿಗೆ ಬೆರಳು, ಮಣಿಕಟ್ಟು, ಭುಜದ ಲೆಕ್ಕ. ಆ ದುಡ್ಡಿನಲ್ಲಿ ಮೂರು ತಂಗಿಯರ ಮದುವೆ ಆಯಿತು, ಕೆಂಪುಕಲ್ಲಿನ ಮನೆ ಲಿಂಟಲ್ ಮಟ್ಟಕ್ಕೆ ಬಂತು. ಉಮ್ಮ ಉಮ್ರಾ ಮಾಡಿ ಬಂದರು.

ಕೈ ಹೇಳಿದ್ದನ್ನು ಕೇಳಲಿಲ್ಲ

2018ರ ಕೊನೆಗೆ ಬೆಳಗ್ಗೆ ಏಳುವಾಗ ಬೆರಳು ಮಡಚುವುದಿಲ್ಲ ಎಂದು ಶುರುವಾಯಿತು. ಒಂದು ಗಂಟೆ ಕಳೆದರೆ ಸರಿಯಾಗುತ್ತದೆ. ಮೊದಮೊದಲು ಎಸಿ ಗಾಳಿಯ ದೋಷ ಎಂದುಕೊಂಡರು. ರೂಮಿನವರಲ್ಲಿ ಒಬ್ಬರು ಯೂರಿಕ್ ಆಸಿಡ್ ಎಂದರು, ಇನ್ನೊಬ್ಬರು ಮುಲಾಮು ಕೊಟ್ಟರು. ಮತ್ತೊಬ್ಬರು ಊರಿನಿಂದ ತಂದ ಒಂದು ಮಾತ್ರೆ ಕೊಟ್ಟರು, ಅದನ್ನು ತಿಂದರೆ ನೋವು ಮಾಯ. ಮೂರು ತಿಂಗಳು ಅದೇ ನಡೆಯಿತು. ಮುಖ ಊದಿಕೊಂಡಿತು. ಅದು ಸ್ಟೀರಾಯ್ಡ್ ಎಂದು ಗೊತ್ತಾದದ್ದು ಬಹಳ ತಡವಾಗಿ.

ಅವರ ಹತ್ತಿರ ಇನ್ಶೂರೆನ್ಸ್ ಕಾರ್ಡ್ ಇರಲಿಲ್ಲವೇ? ಇತ್ತು. ದುಬೈಯಲ್ಲಿ ಕೆಲಸಗಾರನಿಗೆ ಆರೋಗ್ಯ ವಿಮೆ ಮಾಡಿಸುವುದು ಮಾಲಕನ ಹೊಣೆ, ಅಲ್ಲಿನ 2013ರ ಕಾನೂನಿನಿಂದ ಅದು ಬಂದಿದೆ. ಶಾರ್ಜಾ, ಅಜ್ಮಾನ್ ಮುಂತಾದ ಉತ್ತರದ ಎಮಿರೇಟ್‌ಗಳಲ್ಲಿ ಮಾತ್ರ 2025ರ ಜನವರಿಯಿಂದ ಕಡ್ಡಾಯವಾಯಿತು. ಆದರೆ ಮಾಸ್ಟರ್ ಕಾರ್ಡನ್ನು ಪರ್ಸಿನಿಂದ ತೆಗೆಯಲಿಲ್ಲ. ಕ್ಲಿನಿಕ್ಕಿಗೆ ಹೋದರೆ ಮಾಲಕರಿಗೆ ತಿಳಿಯುತ್ತದೆ, ಕೈ ಹೋದ ಪರೋಟ ಮಾಸ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆ. ಈ ಹೆದರಿಕೆ ಅವರೊಬ್ಬರದ್ದಲ್ಲ. ರಜೆಯಲ್ಲಿ ಬಂದ ಎಷ್ಟೋ ಮಂದಿ ಇಲ್ಲಿ ಗುಟ್ಟಾಗಿ ಆಸ್ಪತ್ರೆಗೆ ಹೋಗಿ, ಮಾತ್ರೆಗಳ ಚೀಟಿ ಹರಿದು ಬೇರೆ ಡಬ್ಬಿಗೆ ಹಾಕಿ ಕೊಂಡು ಹೋಗುವುದನ್ನು ನಾವು ಕಂಡಿದ್ದೇವೆ.

2019ರಲ್ಲಿ ಒಂದು ದಿನ ಕಾವಲಿಯ ಮುಂದೆ ಸಟ್ಟುಗ ಕೈಯಿಂದ ಜಾರಿತು. ಮಾಲಕರು ಕೆಟ್ಟವರೇನಲ್ಲ, ಮಾಸ್ಟರೇ ಹಾಗೆ ಹೇಳುತ್ತಾರೆ. “ಊರಿಗೆ ಹೋಗಿ ಮದ್ದು ಮಾಡು, ಗುಣವಾದ ಮೇಲೆ ಹೊಸ ವೀಸಾ ಕೊಡುತ್ತೇನೆ” ಎಂದು ಟಿಕೆಟ್ ಮತ್ತು 5,000 ದಿರ್ಹಮ್ ಕೊಟ್ಟರು. ವೀಸಾ ಕ್ಯಾನ್ಸಲ್ ಮಾಡುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಸಲ್ಲಬೇಕಾದದ್ದೆಲ್ಲ ಸಂದಿದೆ ಎಂದು ಅದರಲ್ಲಿ ಇತ್ತು. ಮಾಸ್ಟರ್ ಓದಲಿಲ್ಲ. ಓದಿದ್ದರೂ ಸಹಿ ಹಾಕುತ್ತಿದ್ದರೋ ಏನೋ, 16 ವರ್ಷ ಅನ್ನ ಕೊಟ್ಟವರ ಮುಖ ನೋಡಿ ಇಲ್ಲ ಎನ್ನುವುದು ನಮ್ಮವರಿಗೆ ಬರುವುದಿಲ್ಲ.

ಈಗ ಲೆಕ್ಕ ಮಾಡೋಣ. ಯುಎಇಯಲ್ಲಿ ಒಂದು ವರ್ಷ ಪೂರೈಸಿದ ಕೆಲಸಗಾರನಿಗೆ ಗ್ರಾಚ್ಯುಟಿ ಉಂಟು. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಅದರ ನಂತರ ವರ್ಷಕ್ಕೆ 30 ದಿನದ್ದು. ಮಾಸ್ಟರರ ಮೂಲ ವೇತನ 1,200 ದಿರ್ಹಮ್. ದಿನಕ್ಕೆ 40. ಮೊದಲ ಐದು ವರ್ಷದ್ದು 4,200. ಉಳಿದ ಹನ್ನೊಂದು ವರ್ಷದ್ದು 13,200. ಒಟ್ಟು 17,400 ದಿರ್ಹಮ್. ಕೈಗೆ ಬಂದದ್ದು 5,000. ಅದೂ ಉಪಕಾರ ಎಂಬ ಹೆಸರಿನಲ್ಲಿ. ಈ ಲೆಕ್ಕವನ್ನು ನಾವು ಮೂರು ವರ್ಷದ ಮೇಲೆ ಕಾಗದದಲ್ಲಿ ಬರೆದು ತೋರಿಸಿದಾಗ ಮಾಸ್ಟರ್ ತುಂಬಾ ಹೊತ್ತು ಮಾತಾಡಲಿಲ್ಲ.

ಅಷ್ಟೇ ಅಲ್ಲ. ಪ್ರೊಬೇಷನ್ ಮುಗಿದ ಕೆಲಸಗಾರನಿಗೆ ವರ್ಷಕ್ಕೆ 90 ದಿನ ಕಾಯಿಲೆ ರಜೆ ಅಲ್ಲಿನ ಕಾನೂನಿನಲ್ಲೇ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ ಸಂಬಳ, ಉಳಿದ 45 ದಿನ ಸಂಬಳ ಇಲ್ಲ. ಆದರೆ ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. 90 ದಿನ ಕಳೆದೂ ಬರಲಾಗದಿದ್ದರೆ ತೆಗೆಯಬಹುದು, ಆಗಲೂ ಬಾಕಿ ಪೂರ್ತಿ ಕೊಡಬೇಕು. ಬಾಕಿಯ ತಕರಾರು ಇದ್ದರೆ ಈಗಿನ ಕಾನೂನಿನಲ್ಲಿ ಕೆಲಸ ಮುಗಿದ 2 ವರ್ಷದೊಳಗೆ ದೂರು ಕೊಡಬೇಕು. ಮಾಸ್ಟರರದ್ದು ಅವಧಿ ಮುಗಿದು ಹೋಗಿತ್ತು. ಗಲ್ಫಿನಲ್ಲಿ ಮಕ್ಕಳಿರುವ ಮನೆಯವರು ಈ ಪ್ಯಾರಾವನ್ನು ಫೋಟೋ ತೆಗೆದು ಕಳಿಸಿದರೂ ನಮಗೆ ಬೇಸರವಿಲ್ಲ. ಇನ್ನೊಂದು ಮಾತು: ವೀಸಾ ಕ್ಯಾನ್ಸಲ್ ಆಗದೆ ರಜೆಯಲ್ಲಿ ಬಂದವರೂ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗೆ ಉಳಿದರೆ ರೆಸಿಡೆನ್ಸಿ ಹೋಗುತ್ತದೆ. ಮದ್ದಿಗೆ ಬಂದವರು ತಾರೀಕು ನೋಡಿಕೊಳ್ಳಬೇಕು.

ಊರಿನಲ್ಲಿ ದೇರಳಕಟ್ಟೆಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ರುಮಟಾಯ್ಡ್ ಆರ್ತ್ರೈಟಿಸ್ ಎಂದರು. ನಾವು ಸಂಧಿವಾತ ಎಂದು ಒಟ್ಟಾರೆ ಹೇಳುವ ಕಾಯಿಲೆಗಳಲ್ಲಿ ಒಂದು. ಮೈಯ ರಕ್ಷಣಾ ಶಕ್ತಿಯೇ ತಿರುಗಿ ಸ್ವಂತ ಗಂಟುಗಳ ಮೇಲೆ ಬೀಳುವುದು. ಹೆಂಗಸರಲ್ಲಿ ಹೆಚ್ಚು, ಗಂಡಸರಿಗೆ ಬರುವುದಿಲ್ಲ ಎಂದಲ್ಲ. ಬೇಗ ಮದ್ದು ಶುರು ಮಾಡಿದರೆ ಗಂಟು ಉಳಿಯುತ್ತದೆ, ತಡವಾದರೆ ಹಾಳಾದದ್ದು ಹಿಂದೆ ಬರುವುದಿಲ್ಲ. ಮಾಸ್ಟರರ ಬಲಗೈಯ ಎರಡು ಬೆರಳು ಆಗಲೇ ಓರೆಯಾಗಿದ್ದವು. ಕೊಟ್ಟದ್ದು ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ, ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಜೀವಕ್ಕೇ ಅಪಾಯ ಎಂದು ಡಾಕ್ಟರ್ ಮೂರು ಸಲ ಹೇಳಿದರಂತೆ. ಮನೆಯಾಕೆ ಕ್ಯಾಲೆಂಡರಿನಲ್ಲಿ ಪ್ರತಿ ಆದಿತ್ಯವಾರಕ್ಕೆ ಕೆಂಪು ಗುರುತು ಹಾಕಿಟ್ಟರು. ನಡುನಡುವೆ ಲಿವರಿನ ರಕ್ತ ಪರೀಕ್ಷೆ.

ಒಂದೂವರೆ ವರ್ಷ ಮನೆಯಲ್ಲೇ ಆಯಿತು, ನಡುವೆ ಕೊರೋನವೂ ಬಂತು. ಅಂಗಿಯ ಗುಂಡಿ ಹಾಕಲು ಮಗಳು ಬೇಕು. ವುಳೂ ಮಾಡಲು ನಲ್ಲಿ ತಿರುಗಿಸಲು ಆಗುವುದಿಲ್ಲ. ಆಗ ಮಾಸ್ಟರ್ ಪಳ್ಳಿಗೆ ಬರುವುದನ್ನು ಕಡಿಮೆ ಮಾಡಿದರು. ಸಲಾಂ ಹೇಳಿ ಕೈ ಕೊಡುವವರು ಗಟ್ಟಿಯಾಗಿ ಹಿಡಿಯುತ್ತಾರೆ, ನೋವಾಗುತ್ತದೆ, ಬೇಡ ಎನ್ನಲು ನಾಚಿಕೆ. ಇದನ್ನು ಅವರು ಹೇಳುವವರೆಗೆ ನಮಗೆ ಹೊಳೆದಿರಲಿಲ್ಲ. ಅಹಂಕಾರ ಬಂದಿದೆ ಎಂದು ಹೇಳಿದವರೂ ಇದ್ದರು. ಮನೆಯಾಕೆ ಮದುವೆಯಾದ ಮೇಲೆ ಬಿಟ್ಟಿದ್ದ ಬೀಡಿಯ ಸೂಪನ್ನು ಅಟ್ಟದಿಂದ ಇಳಿಸಿದರು.

ಕಾಗದ ಎಲ್ಲಿದೆ?

ಗುಣವಾಯಿತು ಎಂದಲ್ಲ, ಹತೋಟಿಗೆ ಬಂತು. 2021ರ ಕೊನೆಗೆ ಮಾಸ್ಟರ್ ವಿಸಿಟ್ ವೀಸಾದಲ್ಲಿ ಮತ್ತೆ ದುಬೈಗೆ ಹೋದರು. ಇನ್ನೂ ಯಾಕೆ ಹೋಗುವುದು, ಊರಲ್ಲೇ ಏನಾದರೂ ಮಾಡಬಹುದಲ್ಲ ಎಂದು ಹೇಳುವುದು ಸುಲಭ. ನಾವೂ ಹೇಳಿದ್ದೆವು. “ಸಾಲ ನೀನು ತೀರಿಸ್ತೀಯಾ?” ಎಂದರು. ಅಲ್ಲಿಗೆ ನಮ್ಮ ಮಾತು ಮುಗಿಯಿತು.

ಹಳೆಯ ಮಾಲಕರು ಅಷ್ಟರಲ್ಲಿ ಅಂಗಡಿ ಮಾರಿದ್ದರು. ಪರೋಟ ಮಾಡಲು ಕೈ ಇಲ್ಲ. ಆದರೆ ಮಾಸ್ಟರಿಗೆ ಬೇರೇನು ಗೊತ್ತಿರಲಿಲ್ಲ? ಕಡೆಯ ಏಳೆಂಟು ವರ್ಷ ಆ ಕೆಫೆಟೀರಿಯಾದ ಸಾಮಾನು ತರಿಸುವುದು, ಸ್ಟಾಕ್ ನೋಡುವುದು, ಹುಡುಗರ ಡ್ಯೂಟಿ ಹಾಕುವುದು, ರಾತ್ರಿ ಕ್ಯಾಶ್ ಲೆಕ್ಕ, ಎಲ್ಲವೂ ಅವರದ್ದೇ. ಬ್ಯಾರಿ, ತುಳು, ಕನ್ನಡ, ಮಲಯಾಳಂ, ಹಿಂದಿ ಮಾತಾಡುತ್ತಾರೆ, ಗಿರಾಕಿಗಳಿಂದ ಕಲಿತ ಅರಬಿಯಲ್ಲಿ ವ್ಯಾಪಾರ ಮಾಡುತ್ತಾರೆ, ಫಿಲಿಪ್ಪೀನ್ಸಿನ ಹುಡುಗಿಯರ ಹತ್ತಿರ ಇಂಗ್ಲಿಷಿನಲ್ಲಿ ಚೌಕಾಸಿಯೂ ಮಾಡುತ್ತಾರೆ. ಒಂದು ಸಣ್ಣ ಸೂಪರ್ ಮಾರ್ಕೆಟಿನವರು ಸ್ಟೋರ್ ನೋಡಿಕೊಳ್ಳುವ ಕೆಲಸ ಕೊಡಲು ಒಪ್ಪಿದರು. ಸಂಬಳವೂ ಚೆನ್ನಾಗಿತ್ತು. ವೀಸಾದ ಕಾಗದ ಮಾಡಲು ಟೈಪಿಂಗ್ ಸೆಂಟರಿಗೆ ಹೋದಾಗ ಅಲ್ಲಿನ ಹುಡುಗ ಕೇಳಿದ, “ಇಕ್ಕಾ, ಸರ್ಟಿಫಿಕೇಟ್?”

ಯುಎಇಯ ಕಾರ್ಮಿಕ ಸಚಿವಾಲಯ ಎಲ್ಲ ಕೆಲಸಗಳನ್ನು 9 ಕೌಶಲ ಹಂತಗಳಾಗಿ ಮಾಡಿದೆ. ಮೇಲಿನ 5 ಹಂತದ ಹುದ್ದೆ ಬೇಕಾದರೆ ಕಾಗದ ಬೇಕು. ಮೊದಲ ಎರಡು ಹಂತಕ್ಕೆ ಡಿಗ್ರಿ, ಮೂರು ನಾಲ್ಕಕ್ಕೆ ಡಿಪ್ಲೊಮಾ, ಐದಕ್ಕೆ ಹನ್ನೆರಡನೆಯ ತರಗತಿ, ಅಂದರೆ ನಮ್ಮ ದ್ವಿತೀಯ ಪಿಯುಸಿ. ಕಾಗದ ಇದ್ದರೆ ಸಾಲದು, ಅಟೆಸ್ಟೇಷನ್ ಆಗಬೇಕು. ಮೊದಲು ರಾಜ್ಯ ಸರಕಾರದ ಇಲಾಖೆಯ ಸೀಲು, ಬಳಿಕ ನಮ್ಮ ವಿದೇಶಾಂಗ ಸಚಿವಾಲಯದ್ದು, ಬಳಿಕ ಭಾರತದಲ್ಲಿರುವ ಯುಎಇ ದೂತಾವಾಸದ್ದು, ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ಕೆಳಗಿನ ಹಂತಗಳ ಕೆಲಸಕ್ಕೆ, ಹೆಲ್ಪರ್, ಕ್ಲೀನರ್, ಲೋಡಿಂಗ್, ಇದೊಂದೂ ಬೇಡ. ಆದರೆ ಆ ಕೆಲಸಗಳಿಗೆ ಬೇಕಾದದ್ದು ಮೈ. ಮೈಯೇ ಕೈಕೊಟ್ಟವನು ಏನು ಮಾಡಬೇಕು? ಕಾಯಿಲೆ ಬಿದ್ದವನಿಗೆ ಹಗುರದ ಕೆಲಸ ಬೇಕು, ಹಗುರದ ಕೆಲಸಕ್ಕೆ ಭಾರದ ಕಾಗದ ಬೇಕು.

ಮಾಸ್ಟರ್ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಹಾಕಿಸಿದ ಒಂದು ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿ ತೋರಿಸಿದರಂತೆ. ಮದ್ರಸದ ಏಳನೇ ತರಗತಿಯದ್ದು. 16 ವರ್ಷವೂ ಅದು ಅವರ ಜೊತೆ ದೇರಾದ ಬಂಕ್ ಬೆಡ್ಡಿನ ಕೆಳಗಿತ್ತು. ಟೈಪಿಂಗ್ ಸೆಂಟರಿನ ಹುಡುಗ ಮಲಬಾರಿನವನು, ಮದ್ರಸದಲ್ಲಿ ಕಲಿತವನೇ. ನಗಲಿಲ್ಲ. ಎರಡು ಕೈಯಲ್ಲಿ ಹಿಡಿದು ನೋಡಿ, “ಇದು ಇಲ್ಲಿ ನಡೆಯುವುದಿಲ್ಲ ಇಕ್ಕಾ” ಎಂದು ಮೆಲ್ಲಗೆ ಹಿಂದೆ ಕೊಟ್ಟ. ಇದನ್ನು ಕೇಳುವಾಗ ನಮಗೆ ಹೇಗಾಯಿತು ಎಂದು ಬರೆಯುವುದು ಕಷ್ಟ. ಅಂಥ ಸರ್ಟಿಫಿಕೇಟುಗಳಿಗೆ ಪ್ರತಿ ವರ್ಷ ಮಕ್ಕಳನ್ನು ತಯಾರು ಮಾಡುವವರು ನಾವು. ನಮ್ಮ ಕೈಯಲ್ಲಿರುವ ಸನದೂ ದುಬೈಯ ಸೂಪರ್ ಮಾರ್ಕೆಟಿನಲ್ಲಿ ಸ್ಟೋರ್ ಕೀಪರ್ ಕೆಲಸ ಕೊಡಿಸುವುದಿಲ್ಲ. ಅದಕ್ಕಾಗಿ ಅದನ್ನು ಕಲಿತದ್ದಲ್ಲ, ಸರಿ. ಆದರೆ ಅದೊಂದೇ ಸಾಕು ಎಂದು ಯಾವ ಮಗುವಿನ ಹತ್ತಿರವೂ ಹೇಳುವ ಧೈರ್ಯ ಈಗ ನಮಗಿಲ್ಲ.

ಹುದ್ದೆಯ ಕರಾರು ಓದುವುದೂ ಒಂದು ಪಾಡು. ಅಲ್ಲಿನ ಜಾಬ್ ಆಫರ್ ಪತ್ರ ಅರಬಿ, ಇಂಗ್ಲಿಷ್ ಜೊತೆಗೆ ಮಲಯಾಳಂ, ಹಿಂದಿ, ಉರ್ದುವಿನಂಥ ಭಾಷೆಗಳಲ್ಲೂ ಸಿಗುತ್ತದೆ. ಮಾಸ್ಟರಿಗೆ ಮಲಯಾಳಂ ನೀರು ಕುಡಿದ ಹಾಗೆ, ಆದರೆ ಆ ಲಿಪಿ ಬಾರದು. ಮದ್ರಸದಲ್ಲಿ ಕಲಿತದ್ದು ಅರಬಿ ಮಲಯಾಳಂ. ನಮ್ಮ ತಲೆಮಾರಿನ ಎಷ್ಟು ಬ್ಯಾರಿಗಳು ಹೀಗೆ ಎಲ್ಲ ಭಾಷೆಯ ಹೊಸ್ತಿಲಿನಲ್ಲಿ ನಿಂತಿದ್ದಾರೋ!

ಆ ಫೋನ್ ಕರೆ

ಆ ಹೊತ್ತಿಗೆ ಒಬ್ಬ ಏಜೆಂಟ್ ಗಂಟುಬಿದ್ದ. 40,000 ರೂಪಾಯಿ ಕೊಟ್ಟರೆ ಉತ್ತರ ಭಾರತದ ಒಂದು ವಿಶ್ವವಿದ್ಯಾನಿಲಯದ ಬಿಕಾಂ ಡಿಗ್ರಿ, ಅಟೆಸ್ಟೇಷನ್ ಸೀಲುಗಳ ಸಮೇತ, ಇಪ್ಪತ್ತು ದಿನದಲ್ಲಿ. ಮಾಸ್ಟರ್ ನಮಗೆ ಫೋನ್ ಮಾಡಿದರು. “ನೀನು ಈಗ ಉಸ್ತಾದ್. ನಿನ್ನಲ್ಲಿ ಕೇಳದೆ ಯಾರಲ್ಲಿ ಕೇಳುವುದು? ಕೆಲಸ ನನಗೆ ಬರುತ್ತದೆ. ಕಳ್ಳತನ ಮಾಡುವುದಿಲ್ಲ. ಕಾಗದ ಒಂದು ಸುಳ್ಳು. ಇದು ತಪ್ಪಾ?”

ಹರಾಮ್ ಎಂದು ಒಂದೇ ಶಬ್ದ ಹೇಳಿ ಫೋನ್ ಇಡಬಹುದಿತ್ತು. ಅದು ಸರಿಯಾದ ಉತ್ತರವೂ ಹೌದು. ಆದರೆ ಆ ಶಬ್ದ ಬಾಯಿಗೆ ಬರಲಿಲ್ಲ. ಎರಡು ದಿನ ಸಮಯ ಕೊಡು ಎಂದೆವು. ಅಟೆಸ್ಟೇಷನ್ ಕೆಲಸ ಮಾಡಿ ಗೊತ್ತಿರುವ ಒಬ್ಬರಲ್ಲಿ ವಿಚಾರಿಸಿದೆವು. ಅವರು ಬಿಡಿಸಿ ಹೇಳಿದರು: ಡಿಗ್ರಿಯ ಬಗ್ಗೆ ವಿಶ್ವವಿದ್ಯಾನಿಲಯಕ್ಕೇ ಬರೆದು ವಿಚಾರಿಸುತ್ತಾರೆ, ಅದು ಇವತ್ತಲ್ಲದಿದ್ದರೆ ನಾಳೆ, ವೀಸಾ ರಿನೀವಲ್ ಸಮಯದಲ್ಲಿ, ಕಂಪೆನಿ ಬದಲಾಗುವಾಗ. ಸಿಕ್ಕಿಬಿದ್ದರೆ ಫೋರ್ಜರಿ ಕೇಸು, ಜೈಲು, ಗಡೀಪಾರು. ಏಜೆಂಟ್ ಆಗ ಸಿಗುವುದಿಲ್ಲ. ಎರಡು ದಿನದ ಬಳಿಕ ಇದನ್ನೆಲ್ಲ ಹೇಳಿ, ದೀನಿನ ಮಾತೂ ಹೇಳಿ, ಬೇಡ ಎಂದೆವು.

ಆ ಕಡೆ ಸುಮ್ಮನೆ. ಕೊನೆಗೆ ಮಾಸ್ಟರ್ ಹೇಳಿದ್ದು ಒಂದೇ ಮಾತು. “ನಿನ್ನ ಸಂಬಳ ಕಮ್ಮಿ ಇರಬಹುದು. ಕೈ ಸರಿ ಉಂಟಲ್ಲ.” ಫೋನ್ ಕಟ್ ಆಯಿತು. ಎರಡು ತಿಂಗಳು ಅವರು ನಮಗೆ ಕರೆ ಮಾಡಲಿಲ್ಲ. ನಾವು ಮಾಡಿದರೆ ಎತ್ತಲಿಲ್ಲ. ಸ್ಟೋರ್ ಕೆಲಸ ಬೇರೆಯವರಿಗೆ ಹೋಯಿತು. ಆ ಎರಡು ತಿಂಗಳು ಅವರು ವಿಸಿಟ್ ವೀಸಾದಲ್ಲೇ ಒಂದು ಅಂಗಡಿಯಲ್ಲಿ ಕದ್ದುಮುಚ್ಚಿ ಕ್ಯಾಶಿನಲ್ಲಿ ಕೂತಿದ್ದರು ಎಂದು ಬಳಿಕ ತಿಳಿಯಿತು. ಇದನ್ನು ಯಾರೂ ಮಾಡಬಾರದು. ಸಿಕ್ಕಿಬಿದ್ದರೆ ಕೆಲಸಗಾರನಿಗೂ ಶಿಕ್ಷೆ. ವರ್ಕ್ ಪರ್ಮಿಟ್ ಇಲ್ಲದವರನ್ನು ದುಡಿಸಿದ ಮಾಲಕರಿಗೆ 2024ರ ತಿದ್ದುಪಡಿಯ ನಂತರ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ಉಂಟು. ಆ ಮೊತ್ತ ಕೇಳಿಯೇ ಈಗ ಯಾರೂ ವಿಸಿಟ್‌ನವರನ್ನು ಒಳಗೆ ಬಿಡುವುದಿಲ್ಲವಂತೆ.

ದಾರಿ ತೋರಿಸಿದ್ದು ನಾವಲ್ಲ. ಹಳೆಯ ಗಿರಾಕಿ, ಕಾಸರಗೋಡು ಕಡೆಯ ಒಬ್ಬ ಕೆಫೆಟೀರಿಯಾ ಮಾಲಕರು. ದುಬೈ ಮುನಿಸಿಪಾಲಿಟಿಯ ನಿಯಮದಂತೆ ಪ್ರತಿಯೊಂದು ಆಹಾರದ ಅಂಗಡಿಯಲ್ಲೂ ಆಹಾರ ಸುರಕ್ಷೆಯ ತರಬೇತಿ ಪಡೆದು ಪರೀಕ್ಷೆ ಪಾಸಾದ ಒಬ್ಬರು ಇರಲೇಬೇಕು. ಪರ್ಸನ್ ಇನ್ ಚಾರ್ಜ್ ಎನ್ನುತ್ತಾರೆ, ಅಂಗಡಿಯವರ ಬಾಯಲ್ಲಿ ಪಿಐಸಿ. ಮುನಿಸಿಪಾಲಿಟಿಯ ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳುವುದು ಅವರನ್ನೇ. ಈ ಪರೀಕ್ಷೆಗೆ ಕೂರಲು ಡಿಗ್ರಿ ಬೇಡ, ಪಿಯುಸಿ ಬೇಡ. ಆ ಮಾಲಕರ ಪಿಐಸಿ ಕೆಲಸ ಬಿಟ್ಟು ಹೋಗಿದ್ದ. “ಮಾಸ್ಟರೇ, ನಿಮಗೆ ಗೊತ್ತಿಲ್ಲದ್ದು ಅದರಲ್ಲಿ ಎಂತದೂ ಇಲ್ಲ” ಎಂದು ಅವರೇ ಫೀಸು ಕಟ್ಟಿ ಕಳಿಸಿದರು.

ತರಗತಿ ಹಿಂದಿಯಲ್ಲಿ. ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿಡುವುದು 60 ಡಿಗ್ರಿಗಿಂತ ಮೇಲೆ, ನಡುವೆ ಇರುವುದು ಅಪಾಯದ ಜಾಗ. ಹಸಿ ಕೋಳಿ ಕೊಯ್ದ ಹಲಗೆಯಲ್ಲಿ ಸಲಾಡ್ ಕೊಯ್ಯಬಾರದು. ಮೊಟ್ಟೆ, ಶವರ್ಮ, ಮಯೋನೈಸ್. “ಇದನ್ನೆಲ್ಲ ನಾನು ಮೂಗಿನಲ್ಲಿ ಹೇಳುತ್ತಿದ್ದೆ, ಇವರು ಥರ್ಮಾಮೀಟರ್‌ನಲ್ಲಿ ಹೇಳುತ್ತಾರೆ” ಎಂದು ನಗುತ್ತಾರೆ ಮಾಸ್ಟರ್. ಆದರೂ ಮೊದಲ ಸಲ ಫೇಲಾದರು. ವಿಷಯ ಗೊತ್ತಿಲ್ಲದೆ ಅಲ್ಲ, ಎಂಟನೇ ತರಗತಿಯ ನಂತರ ಪ್ರಶ್ನೆಪತ್ರಿಕೆಯನ್ನೇ ಕಂಡಿರಲಿಲ್ಲ, ಕೈ ನಡುಗಿತಂತೆ. ಎರಡನೆಯ ಸಲ ಪಾಸು. ಆ ದಿನ ಎರಡು ತಿಂಗಳ ಮೇಲೆ ನಮಗೆ ಫೋನ್ ಬಂತು. ಸಲಾಂ ಬಿಟ್ಟರೆ ಹಳೆಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಸರ್ಟಿಫಿಕೇಟಿನ ಫೋಟೋ ಕಳಿಸಿದರು. ಅದರಲ್ಲಿ ಅವರ ಹೆಸರು ಇಂಗ್ಲಿಷಿನಲ್ಲಿ ಪ್ರಿಂಟ್ ಆಗಿತ್ತು.

ಈಗ ಅವರು ಅಲ್ಲಿ ಮೂರು ವರ್ಷದಿಂದ ಇದ್ದಾರೆ. ಹಿಟ್ಟು ಮುಟ್ಟುವುದಿಲ್ಲ. ಫ್ರಿಡ್ಜಿನ ಡಿಗ್ರಿ ಬರೆಯುತ್ತಾರೆ, ಹುಡುಗರ ಉಗುರು ನೋಡುತ್ತಾರೆ, ಸಾಮಾನಿನ ತಾರೀಕು ನೋಡುತ್ತಾರೆ. ಸಂಬಳ ಮೊದಲಿಗಿಂತ 600 ದಿರ್ಹಮ್ ಹೆಚ್ಚು. ವಿಮೆಯ ಕಾರ್ಡ್ ತೋರಿಸಿಯೇ ಕ್ಲಿನಿಕ್ಕಿಗೆ ಹೋಗುತ್ತಾರೆ, ಮಾಲಕರಿಗೂ ಗೊತ್ತಿದೆ. ಹಾಗೆಂದು ಎಲ್ಲ ಸರಿಯಾಯಿತು ಎಂದಲ್ಲ. ವೀಸಾದಲ್ಲಿ ಹುದ್ದೆ ಈಗಲೂ ಕಿಚನ್ ಹೆಲ್ಪರ್. ಕೆಲಸ ಒಂದು, ಕಾಗದ ಇನ್ನೊಂದು. ಈ ಮಾಲಕರು ನಾಳೆ ಅಂಗಡಿ ಮಾರಿದರೆ ಬೇರೆ ಕಡೆ ಮತ್ತೆ ಹೆಲ್ಪರ್ ಎಂದೇ ಶುರು ಮಾಡಬೇಕು. ಆ ಪಿಐಸಿ ಕಾಗದಕ್ಕೂ ದುಬೈ ಬಿಟ್ಟರೆ ಬೆಲೆ ಕಡಿಮೆ, ಅಬುಧಾಬಿ, ಶಾರ್ಜಾಗಳ ವ್ಯವಸ್ಥೆ ಬೇರೆಯೇ. ಅದಕ್ಕೇ ಎಸ್ಸೆಸ್ಸೆಲ್ಸಿ. ಅದರ ಮೇಲೆ ಪಿಯುಸಿ. ಐದನೆಯ ಹಂತದ ಬಾಗಿಲು ತೆರೆಯುವುದು ಪಿಯುಸಿಗೆ. ಆಗ ಅವರಿಗೆ ಐವತ್ತು ಸಮೀಪಿಸಿರುತ್ತದೆ.

ನಮ್ಮ ರಾಜ್ಯದಲ್ಲಿ 15 ವರ್ಷ ದಾಟಿದ ಯಾರೂ ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಹತ್ತಿರದ ಹೈಸ್ಕೂಲಿನ ಮೂಲಕ ಹೆಸರು ನೋಂದಾಯಿಸಬೇಕು. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಹೋದ ವಿಷಯವನ್ನು ಅದೇ ವರ್ಷ ಇನ್ನೊಂದರಲ್ಲಿ ಬರೆಯಬಹುದು. ಕೇಂದ್ರ ಸರಕಾರದ ಎನ್‌ಐಒಎಸ್ ಮೂಲಕ ಹತ್ತು, ಹನ್ನೆರಡು ಮಾಡುವ ದಾರಿಯೂ ಇದೆ. ಕೆಲಸ ಗೊತ್ತಿದ್ದು ಕಾಗದ ಇಲ್ಲದವರಿಗೆ ಆರ್‌ಪಿಎಲ್ ಎಂಬ ಪದ್ಧತಿ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಕಲಿತಿರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು. ವಿದೇಶದಲ್ಲಿ ಎಲ್ಲರೂ ಅದನ್ನು ಒಪ್ಪುತ್ತಾರೆ ಎಂದು ನಂಬಿ ಹೋಗಬಾರದು, ಆದರೆ ಖಾಲಿ ಕೈಗಿಂತ ಮೇಲು. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಅವರು ಗಲ್ಫಿಗೆ ಕೆಲಸಕ್ಕೆ ಹೋಗುವಾಗ ಇ-ಮೈಗ್ರೇಟ್ ಮೂಲಕವೇ ಹೋಗಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ. ಸಾವು ಅಥವಾ ಶಾಶ್ವತ ಅಂಗವೈಕಲ್ಯದ ಅಪಘಾತಕ್ಕೆ 10 ಲಕ್ಷ ರೂಪಾಯಿ, ಎರಡು ವರ್ಷದ ಕಂತು 275 ರೂಪಾಯಿ. ಆ ಕಾಗದವನ್ನು ಏಜೆಂಟನ ಕೈಯಲ್ಲೇ ಬಿಟ್ಟು ಬರುವವರೇ ಹೆಚ್ಚು.

ನೆರೆಯ ಕೇರಳದಲ್ಲಿ 1996ರಲ್ಲೇ ಅನಿವಾಸಿ ಕೇರಳೀಯರಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಬಂತು. ಅಟೆಸ್ಟೇಷನ್‌ನಿಂದ ಹಿಡಿದು ಮರಳಿ ಬಂದವರ ಸಾಲದವರೆಗೆ ಅವರಿಗೆ ಹೋಗಲು ಒಂದು ಬಾಗಿಲು ಇದೆ. ತಲಪಾಡಿ ಗಡಿಯ ಈ ಕಡೆಯವರಿಗೆ ಅದು ಸಿಗುವುದಿಲ್ಲ. ಒಂದೇ ರೂಮಿನಲ್ಲಿ ಮಂಜೇಶ್ವರದವನಿಗೆ ಉಂಟು, ಉಳ್ಳಾಲದವನಿಗೆ ಇಲ್ಲ. ನಮ್ಮ ಜಮಾಅತುಗಳು ಗಲ್ಫ್ ಘಟಕಗಳಿಂದ ಪಳ್ಳಿಯ ಮಿನಾರಕ್ಕೆ, ಮದ್ರಸ ಕಟ್ಟಡಕ್ಕೆ ದುಡ್ಡು ತರಿಸಿವೆ. ಅದರಲ್ಲಿ ನಮ್ಮ ಸಂಬಳವೂ ಸೇರಿದೆ, ಆದ್ದರಿಂದ ಹೇಳಲು ನಮಗೆ ಸ್ವಲ್ಪ ಕಷ್ಟ. ಆದರೂ ಹೇಳುತ್ತೇವೆ. ದುಡ್ಡು ಕಳಿಸಿದವನ ಕೈ ಸೋತರೆ ಅವನ ಹೆಸರಿನಲ್ಲಿ ಒಂದು ಹೈಸ್ಕೂಲ್ ಅರ್ಜಿ ತುಂಬಿಸಲು, ಒಂದು ಗ್ರಾಚ್ಯುಟಿ ಲೆಕ್ಕ ಮಾಡಿಕೊಡಲು ಜಮಾಅತಿನಲ್ಲಿ ಒಬ್ಬ ಜನ ಬೇಡವೇ? ಮಾಸ್ಟರರ ವಿಷಯ ಬಂದಾಗ ನಾವು ಆ ಅರ್ಜಿ ತುಂಬಿಸಿದೆವು. ಎರಡು ಗಂಟೆಯ ಕೆಲಸ. ಅಷ್ಟನ್ನೇ ಹತ್ತು ವರ್ಷ ಮೊದಲು ಮಾಡಬಹುದಿತ್ತು ಎಂಬುದು ಅರ್ಜಿಗೆ ಫೋಟೋ ಅಂಟಿಸುವಾಗ ತಲೆಗೆ ಬಂತು.

ಮಾಸ್ಟರರ ಮಗಳು ಈಗ ಪಿಯುಸಿ. ರಾತ್ರಿ ಹನ್ನೊಂದಕ್ಕೆ, ಅಂಗಡಿಯ ಗಿರಾಕಿ ಕಡಿಮೆಯಾದ ಮೇಲೆ, ಬೋಟಿಮ್‌ನಲ್ಲಿ ಉಪ್ಪನಿಗೆ ಗಣಿತ ಹೇಳಿಕೊಡುತ್ತಾಳೆ. ಬೈಯುತ್ತಾಳೆ ಕೂಡ. ಸಮಾಜ ವಿಜ್ಞಾನ ಅವರಿಗೆ ಇಷ್ಟ. ಕನ್ನಡ ಪದ್ಯ ಬಾಯಿಪಾಠ ಆಗಿದೆ. ಮೂವತ್ತು ದಿನದ ವಾರ್ಷಿಕ ರಜೆಯನ್ನು ಪರೀಕ್ಷೆಯ ಸಮಯಕ್ಕೆ ಸರಿಯಾಗಿ ಕೇಳಿಟ್ಟಿದ್ದಾರೆ.

ಈಗ ಉಳಿದಿರುವ ಚಿಂತೆ ಒಂದೇ, ಕೈ. ಮೂರು ಗಂಟೆ ಬರೆಯಬೇಕು. ಪರೀಕ್ಷೆ ಇರುವುದು ಬೆಳಗ್ಗೆ, ಅವರ ಬೆರಳು ಹಿಡಿದುಕೊಳ್ಳುವುದೂ ಬೆಳಗ್ಗೆಯೇ. ಡಾಕ್ಟರ್ ಸರ್ಟಿಫಿಕೇಟ್ ತಂದರೆ ಹೆಚ್ಚಿನ ಸಮಯಕ್ಕೆ ಅಥವಾ ಬರೆಯಲು ಬೇರೊಬ್ಬರಿಗೆ ಅರ್ಜಿ ಹಾಕೋಣ ಎಂದು ಹೈಸ್ಕೂಲಿನ ಹೆಡ್ ಮಾಸ್ಟರ್ ನಮ್ಮಲ್ಲಿ ಹೇಳಿದರು. ನಾವು ಅದನ್ನು ದುಬೈಗೆ ಹೇಳಿದೆವು. ಹೆಚ್ಚಿನ ಸಮಯ ಕೊಟ್ಟರೆ ತೆಗೆದುಕೊಳ್ಳುತ್ತಾರಂತೆ, ಬೇರೆಯವರ ಕೈ ಬೇಡವಂತೆ.

“ನಾನು ಸುಬ್‌ಹಿಗೇ ಎದ್ದು ಕೈ ಬಿಸಿನೀರಲ್ಲಿ ಇಡ್ತೇನೆ. ನೀನು ಒಂದು ಥರ್ಮಾಸ್ ಬಿಸಿನೀರು ತಕ್ಕೊಂಡು ಶಾಲೆಯ ಗೇಟಿನ ಹತ್ತಿರ ನಿಲ್ಲು. ಬೆಲ್ ಆಗುವವರೆಗೆ ಅಲ್ಲೇ ಕೈ ಮುಳುಗಿಸಿ ಇಟ್ಟು, ಒರಸಿ ಒಳಗೆ ಹೋಗ್ತೇನೆ” ಎಂದರು.

ಮದ್ರಸ ಬಿಡುವುದು ಒಂಬತ್ತು ಗಂಟೆಗೆ. ಅಲ್ಲಿಂದ ಹೈಸ್ಕೂಲಿಗೆ ಬೈಕಿನಲ್ಲಿ ಹದಿನೈದು ನಿಮಿಷ. ನಾವು ಬರುತ್ತೇವೆ ಎಂದು ಹೇಳಿದ್ದೇವೆ.